ಲೇಬಲ್ ಹಚ್ಚಿದ ಮಾತ್ರಕ್ಕೆ ಪಾಳಿ ತಪ್ಪುವುದಿಲ್ಲ

ಪ್ರಶ್ನೆ: ನಮ್ಮದು ಒಂದು ಪತ್ತಿನ ಸಹಕಾರಿ ಸಂಘ. ಪ್ರಧಾನ ಕಚೇರಿ ಬಾಗಲಕೋಟೆಯ ನವನಗರದಲ್ಲಿದೆ. ಇಳಕಲ್, ಜಮಖಂಡಿ, ಮುಧೋಳ, ವಿಜಯಪುರದಲ್ಲಿ ಶಾಖೆಗಳಿವೆ. ಹೋದ ವರ್ಷ ಎಲ್ಲ ಕಡೆ ಎಂಪಿಎಲ್‌ಎಸ್ ಲೈನ್ (ಶಾಖೆಗಳನ್ನು ಟೆಲಿಕಾಂ ಕಂಪನಿಯ ಖಾಸಗಿ ಜಾಲದಲ್ಲಿ ಜೋಡಿಸುವ ಲೈನ್) ತಗೊಂಡು ಫೋನನ್ನೂ ಅದರ ಮೇಲೇ ಹಾಕಿದೆವು. ಶಾಖೆಗೆ 4 ಎಂಬಿಪಿಎಸ್, ಪ್ರಧಾನ ಕಚೇರಿಗೆ 20. ರೌಟರಿನಲ್ಲಿ ಕ್ವಾಲಿಟಿ ಆಫ್ ಸರ್ವೀಸ್ (ಮುಖ್ಯವಾದದ್ದನ್ನು ಮೊದಲು ಬಿಡುವ ನಿಯಮ) ಕೂಡ ಹಾಕಿಸಿದ್ದೇವೆ. ಆದರೂ ಸಂಜೆ 4ರಿಂದ 6ರವರೆಗೆ, ದಿನದ ಬ್ಯಾಕಪ್ ಮತ್ತು ಸಿಸಿಟಿವಿ ವಿಡಿಯೊ ಶಾಖೆಗಳಿಂದ ಬರುವ ಹೊತ್ತಿಗೆ, ಮಾತು ತುಂಡು ತುಂಡಾಗಿ ಕೇಳುತ್ತದೆ. ಬ್ಯಾಂಡ್‌ವಿಡ್ತ್ ದುಪ್ಪಟ್ಟು ಮಾಡಿಸಿ ಎಂದು ಸಲಹೆ ಬಂದಿದೆ. ಮಾಡಿಸಬೇಕಾ? ಇಲ್ಲ, ಎಂಪಿಎಲ್‌ಎಸ್ ಬಿಟ್ಟು ಸಾದಾ ಬ್ರಾಡ್‌ಬ್ಯಾಂಡ್ ತಗೊಳ್ಳೋದಾ?

ಉತ್ತರ: ದುಡ್ಡು ಹಾಕುವ ಮೊದಲು ಒಂದು ಪಿಂಗ್ (ಸಣ್ಣ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಎಂದು ಅಳೆಯುವ ಪರೀಕ್ಷೆ) ಹಾಕಿ ನೋಡಿ. ಇಳಕಲ್ ಶಾಖೆಯ ಯಾವುದಾದರೂ ಕಂಪ್ಯೂಟರಿನಿಂದ ನವನಗರದ ಸರ್ವರಿಗೆ. ಬೆಳಿಗ್ಗೆ 10ಕ್ಕೆ ಒಮ್ಮೆ, ಸಂಜೆ 5ಕ್ಕೆ ಒಮ್ಮೆ. ಐದೈದು ನಿಮಿಷ ಓಡಲಿ. ಬೆಳಿಗ್ಗೆ ಹತ್ತು ಹದಿನೈದು ಮಿಲಿಸೆಕೆಂಡು ಇದ್ದದ್ದು ಸಂಜೆ 400, 500 ಎಂದು ಏರಿತಾ? ಹಾಗಾದರೆ ಲೈನ್ ಕೆಟ್ಟಿಲ್ಲ, ಎಂಪಿಎಲ್‌ಎಸ್ಸೂ ಕೆಟ್ಟಿಲ್ಲ. ನಿಮ್ಮದೇ ಬಾಗಿಲಲ್ಲಿ ಪಾಳಿ ಹತ್ತಿದೆ, ಅಂದರೆ ಪ್ಯಾಕೆಟ್ಟುಗಳು (ಮಾತನ್ನೂ ಫೈಲನ್ನೂ ತುಂಡು ಮಾಡಿ ಕಳಿಸುವ ಸಣ್ಣ ಗಂಟುಗಳು) ಸಾಲುಗಟ್ಟಿ ನಿಂತಿವೆ. ನಿಮ್ಮ ಪ್ರಶ್ನೆ ಓದಿದಾಗಲೇ ನನಗೆ ಆ ಗುಮಾನಿ ಬಂತು. ಬ್ಯಾಕಪ್ ಹೋಗುವ ಹೊತ್ತಿಗೇ ಮಾತು ಕೆಡುತ್ತದೆ ಎಂದು ನೀವೇ ಬರೆದಿದ್ದೀರಿ.

ಮಾರುವವರು "ಎಂಪಿಎಲ್‌ಎಸ್, ಕ್ವಾಲಿಟಿ ಆಫ್ ಸರ್ವೀಸ್" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೇಳುವವರಿಗೆ ಅದು ಒಂದೇ ಸಾಮಾನು ಅನ್ನಿಸಿಬಿಡುತ್ತದೆ. ಎಂಪಿಎಲ್‌ಎಸ್ ಅಂದರೆ ಪ್ಯಾಕೆಟ್ಟಿಗೆ ಲೇಬಲ್ ಹಚ್ಚುವ ಪದ್ಧತಿ. ಪ್ಯಾಕೆಟ್ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದು ಆ ಲೇಬಲ್ಲಿನ ಕೆಲಸ. ಇಕ್ಕಟ್ಟಾದ ಕಡೆ ಯಾರು ಮೊದಲು ಹೋಗಬೇಕು ಅನ್ನುವುದು ಕ್ವಾಲಿಟಿ ಆಫ್ ಸರ್ವೀಸಿನ, ಅಂದರೆ ಕ್ಯೂ (ಪಾಳಿ) ನೋಡಿಕೊಳ್ಳುವವನ ಕೆಲಸ. ನಿಮ್ಮ ತೊಂದರೆ ಎರಡನೆಯದು.

ಲೇಬಲ್ ಏನು ಮಾಡುತ್ತದೆ ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ. ನಿಮ್ಮ ನವನಗರದಲ್ಲಿ ಆಟೊದವನಿಗೆ ಸೆಕ್ಟರ್ ನಂಬರ್ ಹೇಳಿದರೆ ಸಾಕು, ಹೊರಡುತ್ತಾನೆ. ಹಳೇ ಬಾಗಲಕೋಟೆಯ ಓಣಿಗಳಲ್ಲಿ ಯಾರ ಮನೆ, ಯಾವ ಗುಡಿಯ ಹಿಂದೆ ಎಂದೆಲ್ಲ ಹೇಳಬೇಕು. ಸಾದಾ ಐಪಿ ರೌಟರ್, ಅಂದರೆ ಇಂಟರ್ನೆಟ್ ವಿಳಾಸ ನೋಡಿ ದಾರಿ ತೋರಿಸುವ ಡಬ್ಬಿ, ಈ ಎರಡನೇ ಥರ. ಬಂದ ಪ್ರತಿ ಪ್ಯಾಕೆಟ್ಟಿನ ಪೂರ್ತಿ ವಿಳಾಸ ಓದಿ, ಲಕ್ಷಗಟ್ಟಲೆ ಸಾಲುಗಳ ಪಟ್ಟಿಯಲ್ಲಿ ಹೆಚ್ಚು ಹೊಂದುವ ಸಾಲು ಯಾವುದು ಎಂದು ಹುಡುಕುತ್ತದೆ. ಎಂಪಿಎಲ್‌ಎಸ್ ಜಾಲದಲ್ಲಿ ಹಾಗಿಲ್ಲ. ಹೆಬ್ಬಾಗಿಲಲ್ಲಿ ಒಮ್ಮೆ ವಿಳಾಸ ನೋಡಿ ಒಂದು ನಂಬರ್ ಹಚ್ಚುತ್ತಾರೆ. ಒಳಗಿನ ರೌಟರ್ ಆ ನಂಬರನ್ನಷ್ಟೇ ನೋಡುತ್ತದೆ. "24017 ಬಂತಾ? ಅದನ್ನು ಅಳಿಸಿ 24305 ಬರೆ, ಮೂರನೇ ಪೋರ್ಟಿಗೆ ತಳ್ಳು." ಅಷ್ಟೇ. ಮುಂದಿನ ರೌಟರ್ 24305ನ್ನು ಅಳಿಸಿ ಇನ್ನೊಂದು ಬರೆಯುತ್ತದೆ. ಸೆಕ್ಟರ್ ನಂಬರ್ ಹೀಗೆ ದಾರಿಯಲ್ಲಿ ಬದಲಾಗುವುದಿಲ್ಲವಲ್ಲ, ಹಾಗಾಗಿ ನನ್ನ ಹೋಲಿಕೆ ಇಲ್ಲಿಗೇ ಮುಗಿಯಿತು.

1990ರ ದಶಕದ ನಡುವಿನಲ್ಲಿ ಇದು ಹುಟ್ಟಿದ್ದು ವೇಗಕ್ಕಾಗಿ. ಆಗಿನ ರೌಟರುಗಳಿಗೆ ಪೂರ್ತಿ ವಿಳಾಸ ಹುಡುಕುವುದು ಭಾರವಾಗುತ್ತಿತ್ತು. 1996ರಲ್ಲಿ ಇಪ್ಸಿಲಾನ್, ಸಿಸ್ಕೊ ಥರದ ಕಂಪನಿಗಳು ತಮ್ಮ ತಮ್ಮ ರೀತಿಯಲ್ಲಿ ಇಂಥ ಉಪಾಯ ತಂದವು. ಇಂಟರ್ನೆಟ್ಟಿನ ಮಾನಕಗಳನ್ನು ಮಾಡುವ ಐಇಟಿಎಫ್ ಸಂಸ್ಥೆ ಎಲ್ಲವನ್ನೂ ಕೂಡಿಸಿ 2001ರ ಜನವರಿಯಲ್ಲಿ ಆರ್‌ಎಫ್‌ಸಿ 3031 ಎಂಬ ಮಾನಕ ಹೊರಡಿಸಿತು. ಅಷ್ಟರಲ್ಲಿ ತಮಾಷೆ ನಡೆದುಹೋಗಿತ್ತು. ಐಪಿ ವಿಳಾಸವನ್ನೇ ಅಷ್ಟು ಬೇಗ ಹುಡುಕುವ ಚಿಪ್ಪುಗಳು ಬಂದಿದ್ದವು. ವೇಗದ ಕಾರಣ ಹೋಯಿತು, ಲೇಬಲ್ ಮಾತ್ರ ಉಳಿಯಿತು. ಯಾಕೆಂದರೆ ಅದರಿಂದ ಬೇರೆ ಎರಡು ಕೆಲಸ ಚೆನ್ನಾಗಿ ಆಗುತ್ತವೆ. ನೂರಾರು ಗ್ರಾಹಕರ ಖಾಸಗಿ ಜಾಲಗಳನ್ನು ಒಂದೇ ತಂತಿಯ ಮೇಲೆ ಬೇರೆ ಬೇರೆ ಇಡಬಹುದು. ಹತ್ತಿರದ ದಾರಿ ಬಿಟ್ಟು ನಮಗೆ ಬೇಕಾದ ದಾರಿಯಲ್ಲೇ ಪ್ಯಾಕೆಟ್ ಕಳಿಸಬಹುದು.

ಈ ಲೇಬಲ್ 32 ಬಿಟ್ಟಿನ ಪುಟ್ಟ ಚೀಟಿ. ಅದರಲ್ಲಿ 20 ಬಿಟ್ ನಂಬರಿಗೆ, ಅಂದರೆ ಹತ್ತು ಲಕ್ಷ ಚಿಲ್ಲರೆ ನಂಬರುಗಳು. 8 ಬಿಟ್ ಪ್ಯಾಕೆಟ್ಟಿನ ಆಯಸ್ಸಿಗೆ, ದಾರಿ ತಪ್ಪಿ ಸುತ್ತುತ್ತಲೇ ಇರಬಾರದಲ್ವಾ. 1 ಬಿಟ್, ಇದೇ ಕೊನೇ ಚೀಟಿ ಎಂದು ಹೇಳುವುದಕ್ಕೆ. ನಿಮ್ಮಂಥ ಖಾಸಗಿ ಜಾಲದ ಪ್ಯಾಕೆಟ್ಟಿಗೆ ಒಂದರ ಮೇಲೊಂದು ಎರಡು ಚೀಟಿ ಇರುತ್ತವೆ. ಹೊರಗಿನದು ಯಾವ ರೌಟರಿಗೆ ಎಂದು ಹೇಳುತ್ತದೆ, ಒಳಗಿನದು ಯಾವ ಗ್ರಾಹಕನದು ಎಂದು ಹೇಳುತ್ತದೆ. ಉಳಿದದ್ದು ಬರೀ 3 ಬಿಟ್. ಕ್ವಾಲಿಟಿ ಆಫ್ ಸರ್ವೀಸಿಗೆ ಇಡೀ ಎಂಪಿಎಲ್‌ಎಸ್ ಚೀಟಿಯಲ್ಲಿ ಇರುವ ಜಾಗ ಇಷ್ಟೇ. ಮೊದಲು ಅದಕ್ಕೆ ಸರಿಯಾದ ಹೆಸರೂ ಇರಲಿಲ್ಲ, ಪ್ರಯೋಗಕ್ಕೆಂದು ಸುಮ್ನೆ ಬಿಟ್ಟಿದ್ದರು. 2009ರಲ್ಲಿ ಟ್ರಾಫಿಕ್ ಕ್ಲಾಸ್ ಎಂದು ಹೆಸರಿಟ್ಟರು.

ಇನ್ನೊಂದು ಮಾತು. ನಿಮ್ಮ ಕಚೇರಿಗೆ ಬಂದಿರುವ "ಎಂಪಿಎಲ್‌ಎಸ್ ಲೈನಿನಲ್ಲಿ" ಎಂಪಿಎಲ್‌ಎಸ್ ಇಲ್ಲ! ನಿಮ್ಮ ರೌಟರಿನಿಂದ ಲೈನ್ ಕೊಟ್ಟ ಕಂಪನಿಯ ಮೊದಲ ರೌಟರಿನವರೆಗೆ ಹೋಗುವುದು ಸಾದಾ ಐಪಿ ಪ್ಯಾಕೆಟ್ಟೇ. ಲೇಬಲ್ ಹಚ್ಚುವುದು ಅಲ್ಲಿಂದ ಮುಂದೆ. ಇಕ್ಕಟ್ಟು ಇರುವುದು ಮಾತ್ರ ಅಲ್ಲಿಗಿಂತ ಮೊದಲು, ನಿಮ್ಮ 4 ಎಂಬಿಪಿಎಸ್ ತುಂಡಿನಲ್ಲಿ. ಲೇಬಲ್ ಹುಟ್ಟುವ ಮೊದಲೇ ನಿಮ್ಮ ಮಾತು ತುಂಡಾಗಿರುತ್ತದೆ.

ಈಗ ಪಾಳಿಯ ವಿಷಯಕ್ಕೆ ಬರೋಣ. ಮುಧೋಳ, ಜಮಖಂಡಿ ಕಡೆಯವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಣ್ಣ ಸೇತುವೆ ದಾಟುತ್ತಿರುತ್ತವೆ. ಹಿಂದೆ ನೀವು ಬೈಕಿನಲ್ಲಿ ನಿಂತಿದ್ದೀರಿ. ನೀವು ದಾಟಲು ಎರಡು ಸೆಕೆಂಡು ಸಾಕು. ಮುಂದಿನ ಸಾಲು ಕರಗಲು ಅರ್ಧ ತಾಸು. ನಿಮ್ಮ ಫೋನ್ ಕರೆಯ ಪ್ಯಾಕೆಟ್ ಆ ಬೈಕು. ಸಿಸಿಟಿವಿ ವಿಡಿಯೊ ಕಬ್ಬಿನ ಟ್ರ್ಯಾಕ್ಟರು.

ಲೆಕ್ಕ ಹಾಕೋಣ. ಜಿ.711 ಎಂಬ ಸಾಮಾನ್ಯ ಕೋಡೆಕ್ಕಿನಲ್ಲಿ (ದನಿಯನ್ನು ಅಂಕಿಗಳಾಗಿ ಮಾಡುವ ವಿಧಾನ) 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಸೆಕೆಂಡಿಗೆ 50. ದನಿ 160 ಬೈಟು, ತಲೆಬರಹಗಳು 40 ಬೈಟು, ಒಟ್ಟು 200. ಇದು 4 ಎಂಬಿಪಿಎಸ್ ಲೈನಿನಲ್ಲಿ ದಾಟಲು ಬೇಕಾಗುವುದು 0.4 ಮಿಲಿಸೆಕೆಂಡು. ವಿಡಿಯೊದ 1500 ಬೈಟಿನ ಪ್ಯಾಕೆಟ್ಟಿಗೆ 3 ಮಿಲಿಸೆಕೆಂಡು ಬೇಕು. ಲೈನಿನ ಬಾಯಲ್ಲಿ ಕೂತ ಮೋಡೆಮ್ಮಿನಲ್ಲಿ 256 ಕೆಬಿ ಬಫರ್ (ಪ್ಯಾಕೆಟ್ಟುಗಳು ಕಾಯುವ ಜಾಗ) ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಇಂಥ 170 ಟ್ರ್ಯಾಕ್ಟರ್ ನಿಲ್ಲುತ್ತವೆ. ತಲಾ 3 ಮಿಲಿಸೆಕೆಂಡಿನಂತೆ ಅರ್ಧ ಸೆಕೆಂಡು ಆಯಿತಲ್ಲ. ಮೊದಲು ಹೇಳಿದ ಪಿಂಗಿನ 500 ಬಂದದ್ದು ಹೀಗೆ.

ಅರ್ಧ ಸೆಕೆಂಡು ಅಂದರೆ ಜಾಸ್ತಿಯಾ? ವಿಜಯಪುರದ ಗೋಳಗುಮ್ಮಟ ಹತ್ತಿದವರಿಗೆ ಅದರ ಅಂದಾಜು ಇರುತ್ತದೆ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಈ ಬದಿಯ ಪಿಸುಮಾತು ಗಾಳಿಯಲ್ಲಿ ನೇರವಾಗಿ ಆ ಬದಿ ತಲುಪಲು ಸುಮಾರು 110 ಮಿಲಿಸೆಕೆಂಡು ಬೇಕು. ಗೋಡೆ ಹಿಡಿದು ಹೋದರೆ ಇನ್ನೂ ಜಾಸ್ತಿ. ಅಷ್ಟು ತಡವಾದರೂ ಮಾತಾಡಲು ತೊಂದರೆ ಇಲ್ಲ. ಫೋನಿನ ಮಟ್ಟಿಗೆ ಬಾಯಿಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತುಕತೆ ಸಹಜವಾಗಿರುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ತನ್ನ ಜಿ.114 ಶಿಫಾರಸಿನಲ್ಲಿ ಹೇಳಿದೆ. ಅದನ್ನು ದಾಟುತ್ತ ಹೋದಂತೆ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡುತ್ತಾರೆ, ಇಬ್ಬರೂ ಒಟ್ಟಿಗೇ ನಿಲ್ಲಿಸುತ್ತಾರೆ. "ಹಾಂ, ನೀವು ಹೇಳ್ರಿ." "ಇಲ್ಲ, ನೀವು ಹೇಳ್ರಿ." ಸಂಜೆ ಐದಕ್ಕೆ ನಿಮ್ಮ ಕಚೇರಿಯಲ್ಲಿ ಇದನ್ನು ಕೇಳಿರುತ್ತೀರಿ.

ಆ 150ರಲ್ಲಿ ಪ್ಯಾಕೆಟ್ ಕಟ್ಟಲು 20 ಹೋಯಿತು. ಆ ತುದಿಯ ಫೋನು ಪ್ಯಾಕೆಟ್ಟುಗಳನ್ನು ಸಮ ಮಾಡಿಕೊಳ್ಳಲು 40ರಿಂದ 60 ಇಟ್ಟುಕೊಳ್ಳುತ್ತದೆ. ಲೈನಿಗೆ ಉಳಿದದ್ದು 70 ಅನ್ನಿ. ದೂರ ಇಲ್ಲಿ ಲೆಕ್ಕಕ್ಕೇ ಇಲ್ಲ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್ ಹೋಗುತ್ತದೆ. ಇಳಕಲ್ಲಿನ ಪ್ಯಾಕೆಟ್ ಬೆಂಗಳೂರು ಸುತ್ತಿ ನವನಗರಕ್ಕೆ ಬಂದರೂ ಪ್ರಯಾಣಕ್ಕೆ ಐದಾರು ಮಿಲಿಸೆಕೆಂಡು. ಗುಮ್ಮಟದಲ್ಲಿ ಪಿಸುಮಾತು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ ಫೈಬರಿನ ಬೆಳಕು ಭೂಮಿಯ ಅರ್ಧ ಸುತ್ತು ಮುಗಿಸಿರುತ್ತದೆ. ಹಾಗಾಗಿ "ಸರ್ವರ್ ದೂರ ಇದೆ, ಅದಕ್ಕೇ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊತ್ತು ತಿನ್ನುವುದು ಪಾಳಿ.

ಅದೂ ಒಂದೇ ಸಮನಾಗಿ ತಿಂದರೆ ಸಹಿಸಬಹುದಿತ್ತು. ಒಂದು ಪ್ಯಾಕೆಟ್ಟಿಗೆ 30, ಮುಂದಿನದಕ್ಕೆ 300, ಅದರ ಮುಂದಿನದಕ್ಕೆ 90. ಇದು ಜಿಟ್ಟರ್. ತಡವಾಗಿ ಬಂದ ಪ್ಯಾಕೆಟ್ಟನ್ನು ಫೋನು ಎಸೆಯುತ್ತದೆ, ಅದರ ಮಾತಿನ ಹೊತ್ತು ಆಗಲೇ ಮುಗಿದಿರುತ್ತದೆ. ಬ್ಯಾಕಪ್ಪಿನ ಪ್ಯಾಕೆಟ್ ಕಳೆದರೆ ಮತ್ತೆ ಕಳಿಸಬಹುದು. ಆಡಿಹೋದ ಮಾತಿಗೆ ಆ ಸೌಲಭ್ಯ ಇಲ್ಲ.

ದುಪ್ಪಟ್ಟು ಮಾಡಿದರೆ? 8 ಎಂಬಿಪಿಎಸ್ ಮಾಡಿದರೂ ಬ್ಯಾಕಪ್ ಅದನ್ನೂ ತುಂಬುತ್ತದೆ. ಎಷ್ಟು ಸಿಕ್ಕರೆ ಅಷ್ಟು ತಗೊಳ್ಳುವುದು ಟಿಸಿಪಿಯ, ಅಂದರೆ ಫೈಲ್ ಕಳಿಸುವ ಪದ್ಧತಿಯ ಗುಣ. ಅದೇ 256 ಕೆಬಿ ಬಫರ್ ಖಾಲಿಯಾಗಲು ಆಗ ಕಾಲು ಸೆಕೆಂಡು ಬೇಕು. ಸಂಜೆ ಎರಡು ತಾಸಿನ ಗೋಳು ಒಂದು ತಾಸಿಗೆ ಇಳಿಯಬಹುದು. ಅದಕ್ಕೆ ತಿಂಗಳು ತಿಂಗಳು ದುಡ್ಡು ಕೊಡುವುದು ನನಗೇನೋ ಸರಿ ಕಾಣುವುದಿಲ್ಲ.

"ಕ್ವಾಲಿಟಿ ಆಫ್ ಸರ್ವೀಸ್ ಹಾಕಿಸಿದ್ದೇವಲ್ಲ" ಎಂದಿದ್ದೀರಿ. ಹಾಕಿದ್ದಾರೆ ಎಂದು ನಾನೂ ನಂಬುತ್ತೇನೆ. ಅದು ಕೆಲಸ ಮಾಡುತ್ತಿಲ್ಲ, ಅಷ್ಟೇ. ಕಾರಣ ಹೆಚ್ಚಾಗಿ ಇದು: ನಿಮ್ಮ ರೌಟರಿನಿಂದ ಕಂಪನಿಯ ಡಬ್ಬಿಗೆ (ಮೇಲೆ ಹೇಳಿದ ಮೋಡೆಮ್ಮಿಗೆ) ಹೋಗುವ ಕೇಬಲ್ 100 ಎಂಬಿಪಿಎಸ್ ಅಥವಾ 1 ಜಿಬಿಪಿಎಸ್ ಪೋರ್ಟು. ನೀವು ಕೊಂಡದ್ದು 4. ಅದು ರೌಟರಿಗೆ ಗೊತ್ತಿಲ್ಲ. ಅದರ ಕಣ್ಣಿಗೆ ಎದುರಿಗೆ ನೂರು ಅಡಿ ರಸ್ತೆ, ಎಲ್ಲ ಖಾಲಿ. ಬಂದದ್ದೆಲ್ಲ ಹಾಗೇ ಬಿಡುತ್ತದೆ. ಪಾಳಿಯೇ ಹತ್ತದ ಕಡೆ "ಬೈಕಿನವರು ಮುಂದೆ ಬನ್ನಿ" ಎಂದು ಯಾರಿಗೆ ಹೇಳುವುದು? ಪಾಳಿ ಹತ್ತುವುದು ಆ ಕೇಬಲ್ಲಿನ ಆಚೆ, ಕಂಪನಿಯ ಡಬ್ಬಿಯಲ್ಲಿ. ಅಲ್ಲಿ ನಿಮ್ಮ ನಿಯಮ ಯಾವುದೂ ಇಲ್ಲ. ಕೆಲವು ಕಡೆ ಪಾಳಿಯೂ ಇರುವುದಿಲ್ಲ, 4 ದಾಟಿದ್ದನ್ನು ಸೀದಾ ಎಸೆಯುತ್ತಾರೆ. ಎಸೆಯುವಾಗ ಬೈಕು, ಟ್ರ್ಯಾಕ್ಟರು ಎಂದು ನೋಡುವುದಿಲ್ಲ.

ಮದ್ದು ಬಹಳ ಸರಳ. ರೌಟರಿಗೆ "ನಿನ್ನ ರಸ್ತೆ 100 ಅಲ್ಲ, 3.8" ಎಂದು ಹೇಳಿ. ಇದಕ್ಕೆ ಶೇಪಿಂಗ್ ಎನ್ನುತ್ತಾರೆ. ಕೊಂಡದ್ದಕ್ಕಿಂತ ಒಂದಿಷ್ಟು ಕಡಿಮೆ ಇಡಬೇಕು, ಆಗ ಪಾಳಿ ನಿಮ್ಮ ರೌಟರಿನ ಒಳಗೇ ಹತ್ತುತ್ತದೆ. ಪಾಳಿ ನಿಮ್ಮ ಕೈಗೆ ಬಂತೋ, ಆಗ ಶೇಪಿಂಗಿನ ಒಳಗೆ ಪ್ರಯಾರಿಟಿ ಕ್ಯೂ ಇಡಿ. ಫೋನಿನ ಪ್ಯಾಕೆಟ್ ಬಂದ ಕೂಡಲೇ ಮುಂದೆ. ಆಗಲೇ ಸೇತುವೆ ಹತ್ತಿದ ಒಂದು ಟ್ರ್ಯಾಕ್ಟರ್ ದಾಟುವವರೆಗೆ ಮಾತ್ರ ಕಾಯಬೇಕು, ಜಾಸ್ತಿ ಅಂದರೆ 3 ಮಿಲಿಸೆಕೆಂಡು. ಹಿಂದೆ 256 ಕೆಬಿಪಿಎಸ್ ಲೀಸ್ಡ್ ಲೈನುಗಳಿದ್ದಾಗ ಆ ಒಂದೇ ಟ್ರ್ಯಾಕ್ಟರ್ 47 ಮಿಲಿಸೆಕೆಂಡು ತಿನ್ನುತ್ತಿತ್ತು. ಆಗ ನಾವು ದೊಡ್ಡ ಪ್ಯಾಕೆಟ್ಟುಗಳನ್ನು ತುಂಡರಿಸಿ ಕಳಿಸುತ್ತಿದ್ದೆವು. ಆ ತಲೆನೋವು ನಿಮಗಿಲ್ಲ.

ಆದರೆ ಫೋನಿನ ಪ್ಯಾಕೆಟ್ ಯಾವುದು ಎಂದು ರೌಟರಿಗೆ ಹೇಗೆ ಗೊತ್ತಾಗಬೇಕು? ಐಪಿ ತಲೆಬರಹದಲ್ಲಿ 6 ಬಿಟ್ಟಿನ ಒಂದು ಗುರುತು ಇದೆ, ಡಿಎಸ್‌ಸಿಪಿ. ಇದು ಪ್ಯಾಕೆಟ್ಟುಗಳನ್ನು ದರ್ಜೆಗಳಾಗಿ ವಿಂಗಡಿಸುವ 1998ರ ಡಿಫ್‌ಸರ್ವ್ ಪದ್ಧತಿಯದು. ದನಿಗೆ 46 ಎಂಬ ಬೆಲೆ ಕೊಡುವುದು ರೂಢಿ, ಅದಕ್ಕೆ ಇಎಫ್ ಎಂದು ಹೆಸರು. ಒಳ್ಳೆಯ ಐಪಿ ಫೋನುಗಳು ತಾವಾಗಿಯೇ ಹಾಕುತ್ತವೆ. ಕಂಪ್ಯೂಟರಿನ ಸಾಫ್ಟ್‌ಫೋನುಗಳು ಎಷ್ಟೋ ಸಲ ಏನನ್ನೂ ಹಾಕುವುದಿಲ್ಲ.

ಇಲ್ಲಿ ನಾನೇ ಒಮ್ಮೆ ಮರ್ಯಾದೆ ಕಳೆದುಕೊಂಡ ಕತೆ ಹೇಳಬೇಕು. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿ ಕಚೇರಿ. ನಿಮ್ಮದೇ ತೊಂದರೆ. ಹೋದೆ, ಶೇಪಿಂಗ್ ಹಾಕಿದೆ, ಪ್ರಯಾರಿಟಿ ಹಾಕಿದೆ, ಚಹಾ ಕುಡಿದು ಬಂದೆ. ಮರುದಿನ ಲೆಕ್ಕಪತ್ರದವರ ಫೋನು: "ಸರ್ರ, ನೀವು ಬಂದು ಹ್ವಾದ ಮ್ಯಾಲೆ ಇನ್ನೂ ಹೆಚ್ಚಾಗೇತ್ರಿ. ಮಷೀನ್ ಮಾತಾಡಿದಂಗ ಕೇಳತೈತಿ." ಎರಡು ದಿನ ರೌಟರಿನ ಮುಂದೆ ಕೂತೆ. 3.8 ಇದ್ದದ್ದನ್ನು 3.6 ಮಾಡಿದೆ, 3.5 ಮಾಡಿದೆ. ಮೂರನೇ ದಿನ ಬುದ್ಧಿ ಬಂತು. ಕ್ಯೂಗಳ ಎಣಿಕೆ ತೆಗೆದು ನೋಡಿದರೆ ಪ್ರಯಾರಿಟಿ ಕ್ಯೂನಲ್ಲಿ ಸೊನ್ನೆ ಪ್ಯಾಕೆಟ್! ಒಂದೂ ಬಂದಿಲ್ಲ. ಫೋನಿನಿಂದ 46 ಎಂದೇ ಹೊರಡುತ್ತಿತ್ತು. ನಡುವಿನ ನೆಟ್‌ವರ್ಕ್ ಸ್ವಿಚ್ಚು (ಫೋನು, ಕಂಪ್ಯೂಟರುಗಳನ್ನು ರೌಟರಿಗೆ ಜೋಡಿಸುವ ಡಬ್ಬಿ) ಅದನ್ನು ಅಳಿಸಿ 0 ಮಾಡುತ್ತಿತ್ತು. ಕೆಲವು ಸ್ವಿಚ್ಚುಗಳು ಹಾಗೇ. ಈ ಪೋರ್ಟಿನಿಂದ ಬಂದ ಗುರುತನ್ನು ನಂಬು ಎಂದು ನಾವೇ ಹೇಳುವವರೆಗೆ ಯಾವ ಗುರುತನ್ನೂ ನಂಬುವುದಿಲ್ಲ. ಗುರುತಿಲ್ಲದ ಮಾತು ಬ್ಯಾಕಪ್ಪಿನ ಪಾಳಿಯಲ್ಲೇ ನಿಂತಿತ್ತು, ನಾನು ರಸ್ತೆ ಕಿರಿದು ಮಾಡಿದಷ್ಟೂ ಆ ಪಾಳಿ ಉದ್ದವಾಗಿತ್ತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ, ಸ್ವಿಚ್ಚಿನ ರೋಗಕ್ಕೆ ರೌಟರಿಗೆ ಎರಡು ದಿನ ಬರೆ ಹಾಕಿದ್ದೆ. ಸ್ವಿಚ್ಚಿನಲ್ಲಿ ಒಂದು ಸಾಲು ಬದಲಿಸಿದ ಮೇಲೆ ದನಿ ಗಂಟೆ ಹೊಡೆದ ಹಾಗೆ ಬಂತು. ಹೊರಡುವಾಗ ಅವರು ಅರ್ಧ ಕಿಲೋ ಕುಂದಾ ಕಟ್ಟಿಕೊಟ್ಟರು. ತಗೊಳ್ಳಲು ನಾಚಿಕೆಯಾಯಿತು, ತಗೊಂಡೆ.

ಹಾಗಾಗಿ ನಿಮ್ಮ ಹುಡುಗರಿಗೆ ಹೇಳಿ: ಕರೆ ನಡೆಯುತ್ತಿರುವಾಗ ಪ್ರಯಾರಿಟಿ ಕ್ಯೂನ ಎಣಿಕೆ ನೋಡಲಿ. ಒಂದು ಕರೆಗೆ ಸೆಕೆಂಡಿಗೆ 50ರಂತೆ ಏರಬೇಕು. ಏರದಿದ್ದರೆ ಮಿಕ್ಕದ್ದೆಲ್ಲ ಆಮೇಲೆ.

ಈ ಪ್ರಯಾರಿಟಿ ಕ್ಯೂಗೆ ಒಂದು ಮಿತಿ ಇಡಲೇಬೇಕು. ಇಲ್ಲದಿದ್ದರೆ ಯಾರೋ ಏನಕ್ಕೋ 46 ಎಂದು ಗುರುತು ಹಾಕಿ ಇಡೀ ಲೈನ್ ನುಂಗಿಬಿಡಬಹುದು. ಮಿತಿ ಎಷ್ಟು? ಈಥರ್ನೆಟ್ ಕೇಬಲ್ಲಿನ ತಲೆಬರಹದ ಭಾರವನ್ನೂ ಸೇರಿಸಿದರೆ ಜಿ.711ರ ಒಂದು ಕರೆಗೆ ಸುಮಾರು 87 ಕೆಬಿಪಿಎಸ್ ಬೇಕು. ನಾಲ್ಕು ಕರೆಗೆ 349. ಮಿತಿ 360 ಇಟ್ಟಿದ್ದೀರಿ ಅನ್ನಿ. ಚೆನ್ನಾಗಿದೆ. ಆಗ ಐದನೇ ಕರೆ ಬಂತು. ಐದನೆಯವರ ಮಾತು ಮಾತ್ರ ಕೆಡುತ್ತದೆ ಅಂದುಕೊಂಡಿರಾ? ರೌಟರಿಗೆ ಯಾವುದು ಐದನೆಯದು ಎಂದು ಗೊತ್ತೇ ಇಲ್ಲ. ಅದಕ್ಕೆ ಕಾಣುವುದು 436 ಬರುತ್ತಿದೆ, 360 ಬಿಡಬೇಕು ಎಂದಷ್ಟೇ. ಆರು ಪ್ಯಾಕೆಟ್ಟಿಗೆ ಒಂದರಂತೆ ಎಲ್ಲರದ್ದೂ ಎಸೆಯುತ್ತದೆ. ಐದೂ ಕರೆಗಳು ಹಾಳು! ಲೈನಿನಲ್ಲಿ ಆಗ 3 ಎಂಬಿಪಿಎಸ್ ಖಾಲಿ ಇದ್ದರೂ ಕೆಲವು ಸಾಧನಗಳು ಹೀಗೇ ಮಾಡುತ್ತವೆ. "ಕೆಲವು ಸಲ ಮಧ್ಯಾಹ್ನ ಕೂಡ ಕೆಡುತ್ತೆ, ಕಾರಣ ತಿಳಿಯಲ್ಲ" ಎನ್ನುವವರ ಕಾರಣ ಎಷ್ಟೋ ಸಲ ಇದೇ. ಶಾಖೆಯ ಹೊರಗೆ ಒಟ್ಟಿಗೆ ಎಷ್ಟು ಕರೆ ಹೋಗಬಹುದು ಎಂದು ಫೋನ್ ಸರ್ವರಿನಲ್ಲೇ ಮಿತಿ ಹಾಕಿ. ಐದನೆಯವರಿಗೆ ಎಂಗೇಜ್ ಟೋನ್ ಬರಲಿ, ತಪ್ಪಿಲ್ಲ. ಇಲ್ಲವಾದರೆ ಜಿ.729 ಕೋಡೆಕ್ಕಿಗೆ ಹೋಗಿ. ಅದರಲ್ಲಿ ಐಪಿ ಮಟ್ಟದಲ್ಲಿ ಒಂದು ಕರೆಗೆ 80ರ ಬದಲು 24 ಕೆಬಿಪಿಎಸ್ ಸಾಕು. ದನಿ ಸ್ವಲ್ಪ ತೆಳುವಾಗುತ್ತದೆ.

ಇಷ್ಟು ಮಾಡಿದರೆ ಶಾಖೆಯಿಂದ ನವನಗರಕ್ಕೆ ಹೋಗುವ ಮಾತು ಸರಿಯಾಗುತ್ತದೆ. ತಿರುಗಿ ಬರುವ ದಾರಿಯನ್ನು ಎಲ್ಲರೂ ಮರೆಯುತ್ತಾರೆ. ನವನಗರದಲ್ಲಿ 20 ಇದೆ, ಇಳಕಲ್ಲಿನಲ್ಲಿ 4. ಪ್ರಧಾನ ಕಚೇರಿಯಿಂದ ಇಳಕಲ್ಲಿಗೆ ಯಾರೋ ದೊಡ್ಡ ಫೈಲ್ ಕಳಿಸಿದರು. ನವನಗರದ ರೌಟರಿಗೆ ಇಕ್ಕಟ್ಟು ಕಾಣುವುದಿಲ್ಲ, 20ರಲ್ಲಿ ಜಾಗ ಇದೆ. ಪಾಳಿ ಹತ್ತುವುದು ಇಳಕಲ್ಲಿನ ಕಡೆಯ ಕಂಪನಿ ರೌಟರಿನಲ್ಲಿ, 20 ಬಂದು 4ಕ್ಕೆ ಇಳಿಯುವ ಜಾಗದಲ್ಲಿ. ಅಲ್ಲಿ ನಿಮ್ಮ ಕೈ ಓಡುವುದಿಲ್ಲ. ಎರಡು ದಾರಿ ಇವೆ. ನವನಗರದ ರೌಟರಿನಲ್ಲೇ ಪ್ರತಿ ಶಾಖೆಗೂ ಬೇರೆ ಬೇರೆ 3.8ರ ಶೇಪಿಂಗ್ ಹಾಕುವುದು ಒಂದು. ನಾಲ್ಕು ಶಾಖೆಗೆ ಇದು ಕಷ್ಟವೇನಲ್ಲ, ನಾನಾದರೆ ಇದನ್ನೇ ಮಾಡುತ್ತೇನೆ. ಇನ್ನೊಂದು, ಕಂಪನಿಯಿಂದ ಕ್ಲಾಸ್ ಕೊಳ್ಳುವುದು, ಅಂದರೆ ಅವರ ರೌಟರಿನಲ್ಲೂ ನಿಮ್ಮ ಮಾತನ್ನು ಮೊದಲು ಬಿಡುವ ದರ್ಜೆ.

ಕ್ಲಾಸ್ ಕೊಳ್ಳುವುದಾದರೆ ಕರಾರು ತೆಗೆದು ಓದಿ. "ಕ್ಯೂಒಎಸ್ ಇದೆ" (ಕ್ವಾಲಿಟಿ ಆಫ್ ಸರ್ವೀಸಿನ ಗಿಡ್ಡ ಹೆಸರು) ಎಂಬ ಒಂದು ಸಾಲು ಸಾಲದು. ದನಿಗೆ ಯಾವ ಗುರುತು ಕೇಳುತ್ತಾರೆ, 46ನ್ನೇ ಕೇಳುತ್ತಾರಾ? ಆ ಕ್ಲಾಸಿನಲ್ಲಿ ಎಷ್ಟು ಕೆಬಿಪಿಎಸ್? ಮೀರಿದ್ದನ್ನು ಎಸೆಯುತ್ತಾರಾ, ಸಾದಾ ಕ್ಲಾಸಿಗೆ ಇಳಿಸುತ್ತಾರಾ? ನಮ್ಮ ಗುರುತನ್ನು ಆ ತುದಿಗೆ ಹಾಗೇ ತಲುಪಿಸುತ್ತಾರಾ? ಇವು ಬರವಣಿಗೆಯಲ್ಲಿ ಬೇಕು. ನಿಮ್ಮ 6 ಬಿಟ್ಟಿನ ಗುರುತು ಅವರ ಚೀಟಿಯ 3 ಬಿಟ್ಟಿನಲ್ಲಿ ಹಿಡಿಸಬೇಕಲ್ಲ. ಸಾಮಾನ್ಯವಾಗಿ ಮೊದಲ ಮೂರನ್ನು ತಗೊಳ್ಳುತ್ತಾರೆ. 46ನ್ನು ಸೊನ್ನೆ ಒಂದರಲ್ಲಿ ಬರೆದರೆ 101110. ಮೊದಲ ಮೂರು 101, ಅಂದರೆ 5. ನಿಮ್ಮ 46 ಒಳಗೆ 5 ಆಗಿ ಓಡಾಡುತ್ತದೆ. 64 ಬಗೆಯ ಗುರುತುಗಳು 8ಕ್ಕೆ ಇಳಿಯುತ್ತವೆ. ನಿಮ್ಮ ಕೆಲಸಕ್ಕೆ ಮೂರು ಬಗೆ ಇದ್ದರೆ ಬೇಕಾದಷ್ಟಾಯಿತು: ಮಾತು, ಬ್ಯಾಂಕಿಂಗ್ ಸಾಫ್ಟ್‌ವೇರ್, ಮಿಕ್ಕದ್ದು. ಹತ್ತು ಹನ್ನೆರಡು ಕ್ಲಾಸ್ ಮಾಡಿಟ್ಟ ಕಚೇರಿಗಳನ್ನು ನೋಡಿದ್ದೇನೆ. ಮಾಡಿದವನು ಕೆಲಸ ಬಿಟ್ಟು ಹೋದ ಮೇಲೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರುವುದಿಲ್ಲ.

"ನಮ್ಮ ಜಾಲದಲ್ಲಿ ಟ್ರಾಫಿಕ್ ಎಂಜಿನಿಯರಿಂಗ್ ಇದೆ, ನಿಮಗಾಗಿ ಬ್ಯಾಂಡ್‌ವಿಡ್ತ್ ಕಾದಿರಿಸಿದ್ದೇವೆ" ಎಂದೂ ಹೇಳಬಹುದು. ಆರ್‌ಎಸ್‌ವಿಪಿ-ಟಿಇ ಎಂಬ ಪದ್ಧತಿಯಲ್ಲಿ ಕಾದಿರಿಸುವುದು ನಿಜ. ಆದರೆ ಅದು ಮುಖ್ಯವಾಗಿ ಲೆಕ್ಕದ ಪುಸ್ತಕದ ಮೇಲಿನ ಕಾದಿರಿಸುವಿಕೆ. ಈ ದಾರಿಯಲ್ಲಿ ಇಷ್ಟು ಕೊಟ್ಟಾಗಿದೆ, ಇನ್ನಿಷ್ಟು ಉಳಿದಿದೆ ಎಂದು ರೌಟರುಗಳು ಬರೆದಿಟ್ಟುಕೊಂಡು ಹೊಸ ದಾರಿ ಹುಡುಕುತ್ತವೆ. ಪ್ಯಾಕೆಟ್ ಬಂದಾಗ ಅದನ್ನು ಮುಂದೆ ಬಿಡುವವನು ಆಗಲೂ ಕ್ಯೂನವನೇ. ಅಲ್ಲದೆ ನಿಮ್ಮ ಇಕ್ಕಟ್ಟು ಅವರ ಜಾಲದ ನಡುವಿನಲ್ಲಿ ಇಲ್ಲವೇ ಇಲ್ಲ.

ದಾರಿ ಕಡಿದರೆ ಕೆಲವೇ ಹತ್ತು ಮಿಲಿಸೆಕೆಂಡಿನಲ್ಲಿ ಬೇರೆ ದಾರಿ ಹಿಡಿಯುವ ಫಾಸ್ಟ್ ರೀರೌಟ್ ಕೂಡ ಹಾಗೇ. ಅವರ ಜಾಲದ ಒಳಗೆ ಅದ್ಭುತವಾಗಿ ಕೆಲಸ ಮಾಡುತ್ತದೆ. ನಿಮ್ಮ ಶಾಖೆಯ ಮುಂದೆ ಜೆಸಿಬಿ ಬಂದು ಚರಂಡಿ ತೋಡುವಾಗ ಇದ್ದೊಂದು ಫೈಬರನ್ನು ಕಿತ್ತರೆ ಯಾವ ಲೇಬಲ್ಲೂ ಏನೂ ಮಾಡಲಾರದು. ಅದಕ್ಕೆ ಬೇರೆ ಕಂಪನಿಯ, ಬೇರೆ ಕಡೆಯಿಂದ ಬರುವ ಎರಡನೇ ಲೈನೇ ಬೇಕು.

ಇಲ್ಲಿಗೆ ನಿಮ್ಮ ಕೊನೇ ಪ್ರಶ್ನೆ ಬಂತು, ಬ್ರಾಡ್‌ಬ್ಯಾಂಡಿಗೆ ಹೋಗೋದಾ ಅಂತ. ಸಾದಾ ಇಂಟರ್ನೆಟ್ಟಿನಲ್ಲಿ ನಿಮ್ಮ 46ಕ್ಕೆ ಯಾರೂ ಕಿಮ್ಮತ್ತು ಕೊಡುವುದಿಲ್ಲ, ದಾರಿಯಲ್ಲಿ ಅಳಿಸಿದರೂ ಕೇಳುವ ಹಾಗಿಲ್ಲ. ಆದರೂ ಇಕ್ಕಟ್ಟು ಹೆಚ್ಚಾಗಿ ನಿಮ್ಮ ಬಾಗಿಲಲ್ಲೇ ಇರುವುದರಿಂದ, 100 ಎಂಬಿಪಿಎಸ್ ಫೈಬರ್ ಇರುವ ಕಡೆ ಒಳ್ಳೇ ರೌಟರ್ ಇಟ್ಟು ಶೇಪಿಂಗ್ ಮಾಡಿದರೆ ನಾಲ್ಕು ಕರೆಗಳು ಆರಾಮಾಗಿ ನಡೆಯುತ್ತವೆ. ಎಫ್‌ಕ್ಯೂ-ಕೋಡೆಲ್ ಎಂಬ ಕ್ಯೂ ವಿಧಾನ ಇದೆ, 2018ರಲ್ಲಿ ಆರ್‌ಎಫ್‌ಸಿ 8290 ಆಗಿ ಬಂತು. ಗುರುತೇ ಇಲ್ಲದಿದ್ದರೂ ಪ್ರತಿ ಹರಿವಿಗೆ ಬೇರೆ ಪಾಳಿ ಮಾಡಿ ಸಣ್ಣ ಹರಿವುಗಳನ್ನು ಬೇಗ ಬಿಡುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿದ ರೌಟರುಗಳಲ್ಲಿ ಸಿಗುತ್ತದೆ. ನನಗೆ ಇದು ಬಹಳ ಇಷ್ಟ.

ಎಂಪಿಎಲ್‌ಎಸ್ ಅಂದರೆ ಸುರಕ್ಷಿತ ಎಂಬ ಮಾತೂ ಓಡಾಡುತ್ತದೆ. ನಿಮ್ಮ ಪ್ಯಾಕೆಟ್ಟನ್ನು ಬೇರೆಯವರ ಪ್ಯಾಕೆಟ್ಟಿನ ಜೊತೆ ಬೆರೆಯದ ಹಾಗೆ ಇಡುತ್ತದೆ, ನಿಜ. ಗುಟ್ಟು ಮಾಡಿ ಮುಚ್ಚುವುದಿಲ್ಲ. ಠೇವಣಿದಾರರ ಮಾಹಿತಿ ಓಡಾಡುವ ಲೈನು ನಿಮ್ಮದು. ಯಾವ ಲೈನಾದರೂ ಮೇಲೆ ಐಪಿಸೆಕ್ (ಪ್ಯಾಕೆಟ್ಟನ್ನು ಗೂಢಲಿಪಿಯಲ್ಲಿ ಮುಚ್ಚುವ ಪದ್ಧತಿ) ಹಾಕಿ. ಹಾಕಿದರೆ ಒಂದು ಕರೆ 80 ಇದ್ದದ್ದು 100 ಕೆಬಿಪಿಎಸ್ ದಾಟುತ್ತದೆ, ಮೇಲಿನ ಮಿತಿಯ ಲೆಕ್ಕ ಅದಕ್ಕೆ ತಕ್ಕಂತೆ ಏರಿಸಿಕೊಳ್ಳಿ.

ನನ್ನ ಸಲಹೆ: ಕರಾರು ಮುಗಿಯುವವರೆಗೆ ಎಂಪಿಎಲ್‌ಎಸ್ ಇರಲಿ, ಬ್ಯಾಂಡ್‌ವಿಡ್ತ್ ಏರಿಸಬೇಡಿ. ಆ ದುಡ್ಡಿನಲ್ಲಿ ಪ್ರತಿ ಶಾಖೆಗೂ ಒಂದು ಬ್ರಾಡ್‌ಬ್ಯಾಂಡ್ ತಗೊಂಡು ಸಿಸಿಟಿವಿ ವಿಡಿಯೊವನ್ನು ಅದರ ಮೇಲೆ ಕಳಿಸಿ. ಎಂಪಿಎಲ್‌ಎಸ್ ಕೈಕೊಟ್ಟ ದಿನ ಫೋನೂ ಬ್ಯಾಂಕಿಂಗೂ ಅದರ ಮೇಲೆ ಹೋಗಲಿ. ಬ್ರಾಡ್‌ಬ್ಯಾಂಡ್ ಬರುವವರೆಗೆ ವಿಡಿಯೊ ರಾತ್ರಿ 10ರ ಮೇಲೆ ಹೋಗುವಂತೆ ಇಡಿ. ಸಂಜೆ ಐದಕ್ಕೇ ಅದನ್ನು ನೋಡುವವರು ಯಾರೂ ಇಲ್ಲ ಅಲ್ವಾ.

ಎಲ್ಲ ಶಾಖೆಗೂ ಒಟ್ಟಿಗೇ ಕೈ ಹಾಕಬೇಡಿ. ಇಳಕಲ್ಲಿನಿಂದ ಶುರು ಮಾಡಿ. ಮೊದಲು ಪ್ರಯಾರಿಟಿ ಕ್ಯೂನ ಎಣಿಕೆ, ಆಮೇಲೆ 3.8ರ ಶೇಪಿಂಗ್, ಆಮೇಲೆ ನವನಗರದ ಕಡೆಯ ಶೇಪಿಂಗ್. ಒಂದೊಂದು ಹೆಜ್ಜೆ ಆದ ಮೇಲೂ ಸಂಜೆ 5ಕ್ಕೆ ಎರಡೂ ಕಡೆಯಿಂದ ದೊಡ್ಡ ಫೈಲ್ ಬಿಟ್ಟು, ಒಂದು ಕರೆ ಹಚ್ಚಿ, ದನಿ ಹೇಗಿದೆ ಎಂದು ಬರೆದಿಡಿ. ಪಿಂಗನ್ನೂ ಹಾಕಿ, ಅದಕ್ಕೂ 46ರ ಗುರುತು ಕೊಟ್ಟು ಒಮ್ಮೆ, ಕೊಡದೆ ಒಮ್ಮೆ. ಗುರುತಿಲ್ಲದ ಪಿಂಗ್ ಏರಲಿ, ಅದು ಟ್ರ್ಯಾಕ್ಟರುಗಳ ಪಾಳಿಯಲ್ಲಿ ನಿಂತಿರುತ್ತದೆ. ಗುರುತಿರುವುದು ಏರಬಾರದು. ಮೂರೂ ಹೆಜ್ಜೆ ಮುಗಿದ ಮೇಲೂ ಅದು ಏರಿದರೆ ದಿನ, ಹೊತ್ತು, ಅಂಕಿ ಸಮೇತ ಆ ಪಟ್ಟಿಯನ್ನು ಕಂಪನಿಗೆ ಕಳಿಸಿ. "ಮಾತು ಕಟ್ಟಾಗುತ್ತಿದೆ" ಎಂದು ಬರೆದರೆ ಟಿಕೆಟ್ ಮುಚ್ಚಿಬಿಡುತ್ತಾರೆ. ಪಟ್ಟಿ ನೋಡಿದರೆ ಎಂಜಿನಿಯರ್ ಫೋನ್ ಮಾಡುತ್ತಾನೆ.